ಷೇರು ಟೂಲ್‌ನ ವಿವರಣೆ ಎಐ ಏಜೆಂಟ್‌ಗೆ ಅರ್ಥವಾಗುವಂತೆ ಬರೆಯುವುದು ಹೇಗೆ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಪೈಥಾನ್‌ನಲ್ಲಿ ಒಂದು ಟೂಲ್ ಬರೆದಿದ್ದೇನೆ. ಷೇರಿನ ಹೆಸರು ಕೊಟ್ಟರೆ ಅದರ ಬೆಲೆ ಹೋಗುತ್ತಿರುವ ದಿಕ್ಕು, ಜೋರು ತೋರಿಸುವ ಆರ್‌ಎಸ್‌ಐ, ಎಂಎಸಿಡಿ ಎಂಬ ಸೂಚಕಗಳನ್ನು ಲೆಕ್ಕ ಹಾಕಿ ಕೊಡುತ್ತದೆ. ರೀಡ್‌ಮಿ ಫೈಲ್ ವಿವರವಾಗಿದೆ, ಸ್ನೇಹಿತರು ಸಲೀಸಾಗಿ ಬಳಸುತ್ತಾರೆ. ಅದನ್ನೇ ಎಐ ಏಜೆಂಟ್‌ಗೆ ಜೋಡಿಸಿದರೆ ಎಡವಟ್ಟು. ಇನ್ಫೋಸಿಸ್ ಕೇಳಿದರೆ ಒಮ್ಮೊಮ್ಮೆ ಬೆಲೆ ಡಾಲರ್‌ನಲ್ಲಿ ಬರುತ್ತದೆ. ಆರ್‌ಎಸ್‌ಐ ಚಾರ್ಟ್ ಆ್ಯಪ್‌ಗೆ ಹೊಂದುವುದಿಲ್ಲ. ಏಜೆಂಟ್ ಮಾತ್ರ ಧೈರ್ಯವಾಗಿ ಉತ್ತರ ಹೇಳುತ್ತದೆ. ಡಾಕ್ಯುಮೆಂಟೇಶನ್ ಹೇಗೆ ಬದಲಿಸಲಿ?
– ಓದುಗ, ಕುವೆಂಪುನಗರ, ಮೈಸೂರು

ಉತ್ತರ: ಏಜೆಂಟ್ ನಿಮ್ಮ ರೀಡ್‌ಮಿ ಓದುತ್ತಿದೆಯಾ ಅಂತ ಮೊದಲು ನೋಡಿ. ಸಾಮಾನ್ಯವಾಗಿ ಓದಿರುವುದಿಲ್ಲ. ಅದರ ಮುಂದೆ ಬರುವುದು ಟೂಲ್‌ನ ಹೆಸರು, ಅದಕ್ಕೆ ಕೊಟ್ಟ ಪುಟ್ಟ ವಿವರಣೆ, ಪ್ಯಾರಾಮೀಟರ್‌ಗಳ (ಟೂಲ್ ಕರೆಯುವಾಗ ಕೊಡಬೇಕಾದ ಮಾಹಿತಿಗಳ) ಪಟ್ಟಿ. ಏಜೆಂಟ್‌ಗೆ ಟೂಲ್ ಜೋಡಿಸಲೆಂದೇ 2024ರ ನವೆಂಬರ್‌ನಲ್ಲಿ ಬಂದ ಎಂಸಿಪಿ ಎಂಬ ಪದ್ಧತಿಯ ಮೂಲಕ ಜೋಡಿಸಿದ್ದರೂ ಇಷ್ಟೇ. ಹಾಗಾಗಿ ಮುಖ್ಯವಾದ ಮಾತೆಲ್ಲ ಅಲ್ಲೇ ಇರಬೇಕು. ನಿಮ್ಮ ಸ್ನೇಹಿತರಿಗೆ ಅನುಮಾನ ಬಂದರೆ ಒಂದು ಫೋನ್ ಮಾಡುತ್ತಾರೆ. ಏಜೆಂಟ್ ನೀವು ಬರೆಯದೆ ಬಿಟ್ಟಿದ್ದನ್ನು ತಾನೇ ತುಂಬಿಕೊಂಡು ಮುಂದೆ ಹೋಗುತ್ತದೆ.

ಡಾಲರ್ ಸಮಸ್ಯೆ ಅಲ್ಲಿಂದಲೇ ಬಂದಿದೆ. ಇನ್ಫೋಸಿಸ್‌ನ ಐಎನ್‌ಎಫ್‌ವೈ ಸಂಕೇತ ನಮ್ಮ ಎನ್‌ಎಸ್‌ಇಯಲ್ಲೂ ಇದೆ, ನ್ಯೂಯಾರ್ಕ್ ಷೇರುಪೇಟೆಯಲ್ಲೂ ಇದೆ. ಅಲ್ಲಿ ಅದು ಎಡಿಆರ್, ಅಂದರೆ ನಮ್ಮ ಷೇರಿನ ಬದಲು ಅಮೆರಿಕದಲ್ಲಿ ಮಾರಾಟವಾಗುವ ರಸೀದಿ, ಬೆಲೆ ಡಾಲರ್‌ನಲ್ಲಿ. ಹೆಬ್ಬಾಳದ ಕ್ಯಾಂಪಸ್ ಮುಂದೆ ದಿನಾ ಓಡಾಡುವ ನಿಮಗೆ ಯಾವ ಇನ್ಫೋಸಿಸ್ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಏಜೆಂಟ್‌ಗೆ ಹೇಳಲೇಬೇಕು. ‘ಎಕ್ಸ್‌ಚೇಂಜ್’ ಎಂಬ ಪ್ಯಾರಾಮೀಟರ್ ಕಡ್ಡಾಯ ಮಾಡಿ, ಎನ್‌ಎಸ್‌ಇ ಮತ್ತು ಬಿಎಸ್‌ಇ ಎರಡೇ ಆಯ್ಕೆ ಇಡಿ. ಉತ್ತರದಲ್ಲಿ ಪ್ರತಿ ಬೆಲೆಯ ಪಕ್ಕ ಕರೆನ್ಸಿ ಬರಲಿ.

ಹೆಸರಿನಲ್ಲೂ ಇದೇ ಪಾಡು. ನಂಜನಗೂಡು ತಾಲ್ಲೂಕಿನಲ್ಲಿ ಕಾರ್ಖಾನೆ ಇರುವ ಬನ್ನಾರಿ ಅಮ್ಮನ್ ಶುಗರ್ಸ್ ಒಂದು ಕಂಪನಿ, ಬನ್ನಾರಿ ಅಮ್ಮನ್ ಸ್ಪಿನ್ನಿಂಗ್ ಮಿಲ್ಸ್ ಇನ್ನೊಂದು. ಬರೀ ‘ಬನ್ನಾರಿ’ ಅಂದರೆ ಏಜೆಂಟ್ ಒಂದನ್ನು ಹಿಡಿದು ಲೆಕ್ಕ ಮುಗಿಸಿಬಿಡುತ್ತದೆ. ‘ಹೆಸರು ಒಂದಕ್ಕಿಂತ ಜಾಸ್ತಿ ಕಂಪನಿಗೆ ಹೊಂದಿದರೆ ಟೂಲ್ ಪಟ್ಟಿ ಕೊಡುತ್ತದೆ. ನೀನೇ ಆರಿಸಬೇಡ, ಬಳಕೆದಾರರನ್ನು ಕೇಳು’ ಅಂತ ವಿವರಣೆಯಲ್ಲೇ ಬರೆಯಿರಿ. ಟೂಲ್ ಕೂಡ ಹಾಗೇ ನಡೆದುಕೊಳ್ಳಲಿ, ಇಲ್ಲದಿದ್ದರೆ ಬರೆದು ಪ್ರಯೋಜನವಿಲ್ಲ.

ಆರ್‌ಎಸ್‌ಐ ಹೊಂದದಿರಲು ಕಾರಣ ಒಂದಲ್ಲ, ಮೂರು ಇರಬಹುದು. ಆರ್‌ಎಸ್‌ಐ ರೂಪಿಸಿದ ಜೆ. ವೆಲ್ಸ್ ವೈಲ್ಡರ್ 1978ರಲ್ಲಿ ಕೊಟ್ಟ 14 ದಿನದ ಸೂತ್ರದಲ್ಲಿ ಹಿಂದಿನ ಸರಾಸರಿಯನ್ನು 13ರಿಂದ ಗುಣಿಸಿ, ಇವತ್ತಿನ ಏರಿಕೆ ಸೇರಿಸಿ, 14ರಿಂದ ಭಾಗಿಸುತ್ತಾರೆ. ಇಳಿಕೆಗೂ ಹಾಗೆಯೇ. ಕೆಲವರು ಸುಮ್ನೆ 14 ದಿನದ ಸಾದಾ ಸರಾಸರಿ ತೆಗೆಯುತ್ತಾರೆ. ಎರಡಕ್ಕೂ ಆರ್‌ಎಸ್‌ಐ ಅಂತಲೇ ಹೆಸರು, ಅಂಕಿ ಬೇರೆ. ಎರಡನೆಯದು, ವೈಲ್ಡರ್ ಲೆಕ್ಕದಲ್ಲಿ ಹಳೆಯ ದಿನಗಳ ನೆನಪು ಉಳಿದಿರುತ್ತದೆ. ಬರೀ 15 ದಿನದ ಕ್ಲೋಸಿಂಗ್ ಬೆಲೆ ಇಟ್ಟುಕೊಂಡು ತೆಗೆದ 14ರ ಆರ್‌ಎಸ್‌ಐಗೂ, ಒಂದು ವರ್ಷದ ಬೆಲೆಯಿಂದ ತೆಗೆದದ್ದಕ್ಕೂ ವ್ಯತ್ಯಾಸ ಬರುತ್ತದೆ. ಯಾವ ವಿಧಾನ, ಎಷ್ಟು ದಿನದ ಡೇಟಾ, ಎರಡನ್ನೂ ಬರೆಯಿರಿ.

ಮೂರನೆಯದು ಬೋನಸ್ ಮತ್ತು ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು). ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತು. ಆಗ ಬೆಲೆ ಅರ್ಧದಷ್ಟಾಯಿತು, ಕೈಯಲ್ಲಿದ್ದ ಷೇರು ಎರಡರಷ್ಟಾಯಿತು. ಯಾರಿಗೂ ನಷ್ಟ ಆಗಲಿಲ್ಲ. ಆದರೆ ಹಳೆಯ ಬೆಲೆಗಳನ್ನು ಹೊಂದಿಸದೆ ಲೆಕ್ಕ ಹಾಕಿದರೆ ಆರ್‌ಎಸ್‌ಐ ಪಾತಾಳಕ್ಕೆ ಹೋಗುತ್ತದೆ, ಏಜೆಂಟ್ ‘ಭಾರಿ ಕುಸಿತ’ ಅಂತ ಒಂದು ಪ್ಯಾರಾ ಬರೆದುಕೊಡುತ್ತದೆ. ನಿಮ್ಮ ಬೆಲೆಗಳು ಹೊಂದಿಸಿದವೋ ಅಲ್ಲವೋ ಎನ್ನುವ ಒಂದು ಸಾಲು ಉತ್ತರದ ಜೊತೆಯಲ್ಲೇ ಹೋಗಲಿ.

ಸಮಯವನ್ನೂ ಮರೆಯಬೇಡಿ. ಎನ್‌ಎಸ್‌ಇ ವಹಿವಾಟು ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ. 11 ಗಂಟೆಗೆ ಕರೆದರೆ ಇವತ್ತಿನ ಕ್ಯಾಂಡಲ್ (ಚಾರ್ಟ್‌ನಲ್ಲಿ ಒಂದು ದಿನದ ಬೆಲೆ ತೋರಿಸುವ ಕಂಬ) ಇನ್ನೂ ಪೂರ್ತಿಯಾಗಿಲ್ಲ, ಆ ಅಂಕಿ ಸಂಜೆಗೆ ಬದಲಾಗಬಹುದು. ಅದನ್ನು ತಿಳಿಸಲು ಉತ್ತರದಲ್ಲಿ ಹೌದು-ಇಲ್ಲ ಅನ್ನುವ ಒಂದು ಫೀಲ್ಡ್ ಸಾಕು. ಸರ್ವರ್‌ನ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದ್ದರೆ 9.15 ಅನ್ನುವುದು 3.45 ಆಗಿ ಕಾಣುತ್ತದೆ. ಭಾರತೀಯ ಸಮಯ ಅಂತ ನಮೂದಿಸಿ.

ಎರರ್ ಸಂದೇಶವೂ ಡಾಕ್ಯುಮೆಂಟೇಶನ್ನೇ. ನನ್ನನ್ನು ಕೇಳಿದರೆ ಏಜೆಂಟ್ ಅತಿ ಗಮನವಿಟ್ಟು ಓದುವುದು ಅದನ್ನೇ. ಎಂಎಸಿಡಿ ಅಂದರೆ 12 ಮತ್ತು 26 ದಿನದ ಸರಾಸರಿಗಳ ವ್ಯತ್ಯಾಸ, ಅದರ 9 ದಿನದ ಸರಾಸರಿಯೇ ಸಿಗ್ನಲ್ ಗೆರೆ. ಈ ರೂಢಿಯ ಲೆಕ್ಕದಲ್ಲಿ ಆ ಗೆರೆ ಶುರುವಾಗಲು 34 ಕ್ಲೋಸಿಂಗ್ ಬೆಲೆ ಬೇಕು. ಹೊಸದಾಗಿ ಲಿಸ್ಟ್ ಆದ ಷೇರಿಗೆ ಅಷ್ಟು ಇರುವುದಿಲ್ಲ. ಆಗ ‘ಎರರ್ 500’ ಅಂದರೆ ಅದು ಮತ್ತೆ ಮತ್ತೆ ಕರೆಯುತ್ತದೆ, ಸೊನ್ನೆ ಕೊಟ್ಟರೆ ಸೊನ್ನೆಯನ್ನೇ ನಂಬುತ್ತದೆ. ‘34 ದಿನದ ಬೆಲೆ ಬೇಕು, 20 ಮಾತ್ರ ಇದೆ. ಮತ್ತೆ ಕರೆದರೂ ಸಿಗದು, ಬಳಕೆದಾರರಿಗೆ ತಿಳಿಸು’ ಅಂತ ಬರೆದರೆ ಅಲ್ಲಿಗೆ ನಿಲ್ಲುತ್ತದೆ.

ಇಷ್ಟು ಬರೆದ ಮೇಲೆ ರೀಡ್‌ಮಿ ಪಕ್ಕಕ್ಕಿಟ್ಟು ಹೊಸ ಸೆಶನ್‌ನಲ್ಲಿ ಪರೀಕ್ಷೆ ಮಾಡಿ. ‘ಇನ್ಫೋಸಿಸ್ ಹೇಗಿದೆ?’ ಅಂತ ಜನ ಕೇಳುವ ಹಾಗೇ ಕೇಳಿ. ಕೊನೆಯ ಉತ್ತರ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಮರುಳಾಗಬೇಡಿ. ಲಾಗ್ ತೆಗೆದು ಯಾವ ಪ್ಯಾರಾಮೀಟರ್ ಕೊಟ್ಟು ಕರೆದಿದೆ ಅಂತ ನೋಡಿ. ಅಲ್ಲಿ ತಪ್ಪಿದ್ದರೆ ಆ ಸಾಲು ತಿದ್ದಬೇಕು.

ಪ್ರಶ್ನೆ: ನನ್ನ ಟೂಲ್ ಬಳಸುವ ಏಜೆಂಟ್ ಜನರಿಗೆ ‘ಈಗ ಕೊಳ್ಳಿ’ ಅಂತ ಸಲಹೆ ಕೊಡುತ್ತಿದೆ. ‘ಸಲಹೆ ಕೊಡಬೇಡ’ ಅಂತ ವಿವರಣೆಯಲ್ಲಿ ಬರೆದರೆ ಸಾಕಲ್ವಾ?
– ಓದುಗರು, ಮಂಡ್ಯ

ಉತ್ತರ: ಸಾಲದು. ಆ ಸಾಲು ಇರಲಿ, ಆದರೆ ಟೂಲ್ ಏನು ಉತ್ತರ ಕೊಡುತ್ತಿದೆ ನೋಡಿ. ಆರ್‌ಎಸ್‌ಐ 70 ದಾಟಿದರೆ ಅತಿಯಾಗಿ ಕೊಂಡಿದ್ದಾರೆ, 30ಕ್ಕಿಂತ ಇಳಿದರೆ ಅತಿಯಾಗಿ ಮಾರಿದ್ದಾರೆ ಅನ್ನುವುದು ರೂಢಿ. ಅದು 30ಕ್ಕಿಂತ ಇಳಿದ ಕೂಡಲೇ ‘ಸಿಗ್ನಲ್: ಬೈ’ ಅಂತ ನೀವೇ ಕಳಿಸುತ್ತಿದ್ದರೆ ಏಜೆಂಟ್ ಅದನ್ನೇ ಕನ್ನಡಕ್ಕೆ ತಿರುಗಿಸಿ ಹೇಳುತ್ತದೆ. ಆ ಫೀಲ್ಡ್ ತೆಗೆದುಹಾಕಿ, ಅಂಕಿ ಮಾತ್ರ ಕೊಡಿ. ಜೋರಾಗಿ ಏರುತ್ತಿರುವ ಷೇರಿನ ಆರ್‌ಎಸ್‌ಐ ವಾರಗಟ್ಟಲೆ 70ರ ಮೇಲೇ ಇರಬಹುದು, ಬೀಳುತ್ತಿರುವುದು 30ರ ಕೆಳಗೇ ಉಳಿಯಬಹುದು ಅಂತಲೂ ಸೇರಿಸಿ. ಹಣ ಪಡೆದು ಷೇರು ಶಿಫಾರಸು ಮಾಡುವವರಿಗೆ ಸೆಬಿಯ 2014ರ ರಿಸರ್ಚ್ ಅನಲಿಸ್ಟ್ ನಿಯಮದ ಪ್ರಕಾರ ನೋಂದಣಿ ಬೇಕು. ನೀವು ಚಂದಾ ವಸೂಲಿ ಮಾಡುವ ಯೋಚನೆಯಲ್ಲಿದ್ದರೆ ಮೊದಲು ಒಬ್ಬ ವಕೀಲರನ್ನು ನೋಡಿ. ಆರ್ಡರ್ ಹಾಕುವ ಫಂಕ್ಷನ್ನೂ ಇದೇ ಟೂಲ್‌ನಲ್ಲಿದ್ದರೆ ಇವತ್ತೇ ಬೇರೆ ಮಾಡಿ. ಅದರ ಕೀಲಿ ಏಜೆಂಟ್ ಕೈಗೆ ಸಿಗಬಾರದು.