85 ಸಾವಿರ ಕಿ.ಮೀ. ಓಡಿದ ಪೆಟ್ರೋಲ್ ಕಾರಿಗೆ ಎಂಜಿನ್ ಕ್ಲೀನರ್ ಬಾಟಲಿ ಹಾಕಿಸಬೇಕೇ?

ನಿಮ್ಮದು ವಿಜಯಪುರದಲ್ಲಿ ಓಡುವ 2014ರ 1.2 ಲೀಟರ್ ಪೆಟ್ರೋಲ್ ಕಾರು. 85 ಸಾವಿರ ಕಿ.ಮೀ. ಆಗಿದೆ. ಮೈಲೇಜ್ 18ರಿಂದ 14ಕ್ಕೆ ಇಳಿದಿದೆ, ಸಿಗ್ನಲ್‌ನಲ್ಲಿ ನಿಂತರೆ ಗಾಡಿ ನಡುಗುತ್ತದೆ. ಸರ್ವಿಸ್‌ನವರು ಟ್ಯಾಂಕಿಗೊಂದು ಬಾಟಲಿ, ಎಂಜಿನ್ ಆಯಿಲ್‌ಗೊಂದು ಬಾಟಲಿ, ಅದರ ಮೇಲೆ ಹೈಡ್ರೋಜನ್ ಡೀಕಾರ್ಬನ್ (ಹೈಡ್ರೋಜನ್ ಅನಿಲ ಬಿಟ್ಟು ಎಂಜಿನ್ನಿನ ಮಸಿ ತೆಗೆಯುತ್ತೇವೆನ್ನುವ ಕೆಲಸ), ಮೂರಕ್ಕೂ ಸೇರಿ ಐದು ಸಾವಿರ ಕೇಳಿದ್ದಾರೆ. ಮಾಡಿಸಬೇಕೋ ಬೇಡವೋ ಎಂಬುದು ನಿಮ್ಮ ಪ್ರಶ್ನೆ.

ಟ್ಯಾಂಕಿನ ಬಾಟಲಿ ಹಾಕಿ, ಆದರೆ ಉಳಿದ ಕೆಲಸವೆಲ್ಲ ಮುಗಿದ ಮೇಲೆ. ಆಯಿಲ್‌ನ ಬಾಟಲಿ ಬೇಕೋ ಬೇಡವೋ ಎಂಬುದನ್ನು ಆಯಿಲ್ ಮುಚ್ಚಳ ಬಿಚ್ಚಿ ನೋಡಿ ತೀರ್ಮಾನಿಸಿ. ಡೀಕಾರ್ಬನ್‌ಗೆ ಮಾತ್ರ ನಾನು ರೊಕ್ಕ ಕೊಡುವುದಿಲ್ಲ.

ಮೊದಲು ಒಂದು ಸಂಗತಿ ತಿಳಿದುಕೊಳ್ಳಿ. ಟ್ಯಾಂಕಿಗೆ ಸುರಿದ ದ್ರವ ಪೆಟ್ರೋಲ್ ಹೋದಲ್ಲೆಲ್ಲ ಹೋಗುತ್ತದೆ, ಪೆಟ್ರೋಲ್ ಹೋಗದ ಕಡೆ ಹನಿಯೂ ಹೋಗುವುದಿಲ್ಲ. ಆ ವರ್ಷದ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇಂಜೆಕ್ಟರ್ ಮ್ಯಾನಿಫೋಲ್ಡ್‌ನಲ್ಲಿ, ಅಂದರೆ ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆಯಲ್ಲಿ ಕೂತು ಇನ್‌ಟೇಕ್ ವಾಲ್ವಿನ ಬೆನ್ನಿಗೆ ಪೆಟ್ರೋಲ್ ಸಿಂಪಡಿಸುತ್ತದೆ. ಹಾಗಾಗಿ ಇಂಜೆಕ್ಟರ್ ತುದಿ, ವಾಲ್ವಿನ ಬೆನ್ನು, ಸಿಲಿಂಡರಿನ ಒಳಗೆ, ಈ ಮೂರು ಕಡೆ ಕ್ಲೀನರ್ ಕೆಲಸ ಮಾಡುತ್ತದೆ. ಈಗಿನ ಟರ್ಬೊ ಪೆಟ್ರೋಲ್ ಗಾಡಿಗಳಲ್ಲಿ ಹಲವು ನೇರ ಸಿಲಿಂಡರಿಗೇ ಇಂಧನ ಸಿಂಪಡಿಸುತ್ತವೆ. ಅಂಥವಕ್ಕೆ ಎಷ್ಟು ಬಾಟಲಿ ಸುರಿದರೂ ವಾಲ್ವಿನ ಬೆನ್ನಿನ ಮಸಿ ಹೋಗದು. ಇನ್ನು ಥ್ರಾಟಲ್ ಬಾಡಿ (ಒಳಹೋಗುವ ಗಾಳಿಯನ್ನು ತಟ್ಟೆಯೊಂದರಿಂದ ಹಿಡಿತದಲ್ಲಿಡುವ ಭಾಗ), ಪಿಸಿವಿ ವಾಲ್ವ್ (ಎಂಜಿನ್ನಿನೊಳಗಿನ ಆಯಿಲ್ ಆವಿಯನ್ನು ಗಾಳಿಯ ದಾರಿಗೆ ಬಿಡುವ ವಾಲ್ವ್), ಏರ್ ಫಿಲ್ಟರ್ ಎಲ್ಲ ಗಾಳಿಯ ದಾರಿಯವು. ಈ ಎರಡೂ ಬಗೆಯ ಗಾಡಿಗಳಲ್ಲಿ ಪೆಟ್ರೋಲ್ ಅವನ್ನು ಮುಟ್ಟುವುದಿಲ್ಲ. ನಿಂತಲ್ಲಿ ನಡುಗುವ ಗಾಡಿಯಲ್ಲಿ ನಾನು ಮೊದಲು ಹುಡುಕುವುದು ಅಲ್ಲೇ.

ನಮ್ಮ ಕಡೆ ಇದಕ್ಕೆ ಕಾರಣವೂ ಇದೆ. ಎರಿ ಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಜೋಡಿ ಟ್ರೇಲರ್ ಹಿಂದೆ ಓಡಿಸುತ್ತಿದ್ದರೆ ಏರ್ ಫಿಲ್ಟರಿನ ಮಡಿಕೆ ಬೇಗ ತುಂಬುತ್ತದೆ. ಪುಸ್ತಕದಲ್ಲಿ 40 ಸಾವಿರ ಕಿ.ಮೀ.ಗೆ ಫಿಲ್ಟರ್ ಬದಲಿಸಿ ಎಂದಿದ್ದರೂ ನಮ್ಮ ಜಿಲ್ಲೆಗಳಲ್ಲಿ 15 ಸಾವಿರಕ್ಕೇ ಬದಲಿಸಿ, 5 ಸಾವಿರಕ್ಕೊಮ್ಮೆ ತೆಗೆದು ನೋಡಿ. ಏರ್ ಗನ್ನಿನಿಂದ ಊದಿಸುವುದಾದರೆ ಎಂಜಿನ್ ಬದಿಯಿಂದ ಹೊರಬದಿಗೆ, ದೂರದಿಂದ, ಮೆಲ್ಲಗೆ. ಮುಂದಿನಿಂದ ಜೋರಾಗಿ ಹೊಡೆದರೆ ಕಾಗದ ಹರಿದು ಧೂಳು ನೇರ ಸಿಲಿಂಡರಿಗೆ ಇಳಿಯುತ್ತದೆ, ಪಿಸ್ಟನ್ ರಿಂಗ್ ಸವೆಯುತ್ತದೆ. ರಿಂಗ್ ಸವೆದದ್ದಕ್ಕೆ ಯಾವ ಬಾಟಲಿಯಲ್ಲೂ ಔಷಧವಿಲ್ಲ.

ಥ್ರಾಟಲ್ ಬಾಡಿ ತೊಳೆಯುವುದು ಅರ್ಧ ಗಂಟೆಯ ಕೆಲಸ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಏರ್ ಪೈಪ್ ತೆಗೆಯಿರಿ. ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹೊಡೆದುಕೊಂಡು ತಟ್ಟೆಯ ಅಂಚು ಒರೆಸಿ. ಆ ಅಂಚಿನಲ್ಲೇ ಆಯಿಲ್ ಆವಿ ಮತ್ತು ಧೂಳು ಸೇರಿ ಕರಿ ಅಂಟು ಕಟ್ಟಿರುತ್ತದೆ. ನೇರ ಒಳಗೆ ಸ್ಪ್ರೇ ಹೊಡೆದರೆ ದ್ರವ ಮೋಟರು, ಸೆನ್ಸರಿನೊಳಗೆ ಇಳಿದು ಕೆಡಿಸೀತು. ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ತಟ್ಟೆಯನ್ನು ಬಲವಂತವಾಗಿ ತಿರುಗಿಸಬೇಡಿ, ಒಳಗಿನ ಪ್ಲಾಸ್ಟಿಕ್ ಗೇರ್ ಮುರಿಯುತ್ತದೆ. ಜೋಡಿಸಿ ಚಾಲೂ ಮಾಡಿದಾಗ ಐಡಲ್ (ನಿಂತಲ್ಲಿ ಎಂಜಿನ್ ತಿರುಗುವ ವೇಗ) ಸ್ವಲ್ಪ ಹೊತ್ತು ಏರಿಳಿಯುವುದು ಸಹಜ. ತಾನೇ ಸರಿಹೋಗದಿದ್ದರೆ ಸ್ಕ್ಯಾನರಿನಲ್ಲಿ ಐಡಲ್ ರೀಲರ್ನ್ ಮಾಡಿಸಿ, ಅಂದರೆ ಆ ವೇಗವನ್ನು ಗಾಡಿಯ ಕಂಪ್ಯೂಟರಿಗೆ ಮತ್ತೆ ಕಲಿಸಿ. ಹಾಗೆಯೇ ಪಿಸಿವಿ ವಾಲ್ವ್ ತೆಗೆದು ಅಲುಗಾಡಿಸಿ, ಟಕಟಕ ಸದ್ದು ಬರಬೇಕು. ಬಾರದಿದ್ದರೆ ಹೊಸದು ಹಾಕಿ, ಬೆಲೆ ಕಡಿಮೆಯೇ. ಸಾದಾ ನಿಕಲ್ ಸ್ಪಾರ್ಕ್ ಪ್ಲಗ್ ಇದ್ದು 40 ಸಾವಿರ ಕಿ.ಮೀ. ದಾಟಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಇದಾದ ಮೇಲೂ ನಡುಕ ಉಳಿದರೆ ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ಲೆಕ್ಕ ಓದುವ ಸಾಧನ) ಹಚ್ಚಿ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ ನೋಡಿ, ಅಂದರೆ ಆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡ ಎಷ್ಟು ಹೆಚ್ಚು (ಪ್ಲಸ್) ಇಲ್ಲವೇ ಕಡಿಮೆ (ಮೈನಸ್) ಮಾಡುತ್ತಿದೆ ಎಂಬ ಅಂಕಿ. ಸೊನ್ನೆಯಿಂದ ಐದರೊಳಗೆ, ಮೇಲಾಗಲಿ ಕೆಳಗಾಗಲಿ, ಇದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ ಪ್ಲಸ್ 10 ದಾಟಿ, 2,500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ, ವ್ಯಾಕ್ಯೂಮ್ ಪೈಪ್ ಹುಡುಕಿ. ಅದೇ ವೇಗ ಮತ್ತು ಭಾರ ಹೆಚ್ಚಿದಂತೆ ಪ್ಲಸ್ ಏರುತ್ತ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ: ಪೆಟ್ರೋಲ್ ಫಿಲ್ಟರ್, ಪೆಟ್ರೋಲ್ ಪಂಪ್, ಇಲ್ಲವೇ ಕಟ್ಟಿಕೊಂಡ ಇಂಜೆಕ್ಟರ್. ಈ ಮೂರರಲ್ಲಿ ಬಾಟಲಿಗೆ ಕೆಲಸವಿರುವುದು ಕೊನೆಯದರಲ್ಲಿ ಮಾತ್ರ. ಅಲ್ಲೇ ಕೂಲಂಟ್ ಉಷ್ಣತೆಯನ್ನೂ ನೋಡಿಬಿಡಿ. ಹೆದ್ದಾರಿಯಲ್ಲಿ ಓಡುವಾಗಲೂ 80 ಡಿಗ್ರಿ ಮುಟ್ಟದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ, ಎಂಜಿನ್ ಇನ್ನೂ ತಣ್ಣಗಿದೆಯೆಂದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಸುರಿಯುತ್ತಿರುತ್ತದೆ.

ಈಗ ಬಾಟಲಿ. ಲೇಬಲ್ಲಿನಲ್ಲಿ ಪಾಲಿಈಥರ್ ಅಮೈನ್, ಅಂದರೆ ಪಿಇಎ ಇದೆಯೇ ನೋಡಿ. ಸಿಲಿಂಡರಿನ ಬಿಸಿಯಲ್ಲೂ ತಾಳಿಕೊಂಡು ಗಟ್ಟಿ ಮಸಿ ಸಡಿಲಿಸುವ ಡಿಟರ್ಜೆಂಟ್ ಅದು. ಬರೀ ಸೀಮೆಎಣ್ಣೆ ವಾಸನೆಯ, ಒಳಗೇನಿದೆ ಎಂದು ಹೇಳದ ಅಗ್ಗದ ಬಾಟಲಿ ಬೇಡ. 300 ಮಿ.ಲೀ. ಆಸುಪಾಸಿನ ಬಾಟಲಿ ಸಾಮಾನ್ಯವಾಗಿ 40ರಿಂದ 60 ಲೀಟರಿಗೆ ಸಾಕಾಗುತ್ತದೆ, ಖಚಿತ ಅಳತೆ ಲೇಬಲ್ಲಿನ ಮೇಲಿರುತ್ತದೆ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಬಂಕಿನಲ್ಲಿ ಮೊದಲು ಬಾಟಲಿ ಸುರಿದು, ಆಮೇಲೆ ಫುಲ್ ಮಾಡಿಸಿ. ಪೆಟ್ರೋಲ್ ಬೀಳುವ ರಭಸಕ್ಕೆ ತಾನೇ ಬೆರೆಯುತ್ತದೆ. ಆಮೇಲೆ ಗಾಂಧಿ ಚೌಕ, ಸ್ಟೇಷನ್ ರಸ್ತೆ ಸುತ್ತಿದರೆ ಉಪಯೋಗ ಕಡಿಮೆ. ಹುಬ್ಬಳ್ಳಿಗೆ ಹೋಗಿ ಬರುವ ಕೆಲಸ ಇದ್ದ ವಾರ ಹಾಕಿ. ಕೊಲ್ಹಾರ, ಗದ್ದನಕೇರಿ ಕ್ರಾಸ್ ದಾಟಿ ಒಂದೇ ಸಮ 80ರಲ್ಲಿ ಓಡಿದರೆ ಎಂಜಿನ್ ಸರಿಯಾಗಿ ಕಾಯ್ದು ಕೆಲಸವಾಗುತ್ತದೆ. ನಡುವೆ ಪೆಟ್ರೋಲ್ ತುಂಬಿಸದೆ ಟ್ಯಾಂಕ್ ಮುಕ್ಕಾಲು ಖಾಲಿಯಾಗುವವರೆಗೆ ಓಡಿಸಿ. ಎರಡು ಬಾಟಲಿ ಒಟ್ಟಿಗೆ ಬೇಡ: ಉರಿಯದ ಡಿಟರ್ಜೆಂಟ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಇದೇ ಕಾರಣಕ್ಕೆ ಆಯಿಲ್ ಬದಲಿಸುವ ಸ್ವಲ್ಪ ಮೊದಲು ಹಾಕುವುದು ಒಳ್ಳೆಯದು. 10 ಸಾವಿರ ಕಿ.ಮೀ.ಗೆ ಒಂದು ಬಾಟಲಿ ಧಾರಾಳ. ಕರ್ಪೂರ, ನುಸಿ ಗುಳಿಗೆ, ಅಸಿಟೋನ್ ಹಾಕುವ ಮಂದಿಯ ಮಾತು ಕೇಳಬೇಡಿ, ದಯವಿಟ್ಟು. ಗುಳಿಗೆಯ ನ್ಯಾಫ್ತಲೀನ್ ಮತ್ತೆ ಹರಳುಗಟ್ಟಿ ಫಿಲ್ಟರ್ ಕಟ್ಟುತ್ತದೆ, ಅಸಿಟೋನ್ ರಬ್ಬರು ಉಬ್ಬಿಸುತ್ತದೆ.

ಎಂಜಿನ್ ಆಯಿಲ್‌ಗೆ ಹಾಕುವ ಬಾಟಲಿಯೇ ಆಯಿಲ್ ಫ್ಲಷ್, ಅದರಲ್ಲಿ ಅಪಾಯ ಇನ್ನೂ ದೊಡ್ಡದು. ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿ ಒಳಗೆ ನೋಡಿ. ಲೋಹ ಕಂದು ಬಣ್ಣಕ್ಕೆ ತಿರುಗಿದ್ದು ಬೆರಳಿಗೆ ಏನೂ ಅಂಟದಿದ್ದರೆ ಫ್ಲಷ್ ಬೇಕಾಗಿಲ್ಲ. ಡಾಂಬರಿನಂಥ ದಪ್ಪ ಗಸಿ ಕಂಡರೆ ಫ್ಲಷ್ ಮಾಡಿಸಲೇಬೇಡಿ. ಗಸಿ ಚೂರುಚೂರಾಗಿ ಎದ್ದು ಸಂಪಿನ (ತಳದ ಆಯಿಲ್ ತೊಟ್ಟಿಯ) ಜಾಲರಿಗೆ ಅಂಟುತ್ತದೆ, ಪಂಪಿಗೆ ಆಯಿಲ್ ಸಿಗದೆ ಬೇರಿಂಗ್ ಹೋಗುತ್ತದೆ. ಟರ್ಬೊ ಇದ್ದರೆ ಅದೂ ಹೋಗುತ್ತದೆ. ಅಂಥ ಎಂಜಿನ್ನಿಗೆ ಸಂಪ್ ಬಿಚ್ಚಿ ಜಾಲರಿ ತೊಳೆಸಿ, ಆಮೇಲೆ 2,500 ಕಿ.ಮೀ.ಗೊಮ್ಮೆಯಂತೆ ಮೂರು ಸಲ ಆಯಿಲ್, ಫಿಲ್ಟರ್ ಬದಲಿಸಿ. ಹೊಸ ಆಯಿಲ್‌ನ ಡಿಟರ್ಜೆಂಟೇ ನಿಧಾನಕ್ಕೆ ಕರಗಿಸುತ್ತದೆ. ಇವೆರಡರ ನಡುವಿನ ತೆಳು ಅಂಟಿಗೆ ಮಾತ್ರ ಫ್ಲಷ್ ಸರಿ: ಎಂಜಿನ್ ಕಾಯಿಸಿ, ಹಳೆ ಆಯಿಲ್‌ಗೆ ಸುರಿದು, ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ, ಆಕ್ಸಲರೇಟರ್ ಒತ್ತಬೇಡಿ, ಗಾಡಿ ಓಡಿಸಬೇಡಿ. ಬಿಸಿ ಇರುವಾಗಲೇ ಇಪ್ಪತ್ತು ನಿಮಿಷ ಸೋರಲು ಬಿಟ್ಟು ಫಿಲ್ಟರ್ ಸಮೇತ ಬದಲಿಸಿ. 5 ಲೀಟರ್ ಆಯಿಲ್‌ಗೆಂದು ಮಾಡಿದ 300 ಮಿ.ಲೀ. ಬಾಟಲಿಯಾದರೆ, ಮೂರು ಲೀಟರ್ ಚಿಲ್ಲರೆ ಹಿಡಿಯುವ ನಿಮ್ಮಂಥ ಎಂಜಿನ್ನಿಗೆ 200 ಮಿ.ಲೀ. ಸಾಕು. ಬಾಟಲಿ ಬದಲು ಡೀಸೆಲ್ ಸುರಿಯುವ ಗ್ಯಾರೇಜಿದ್ದರೆ ಅಲ್ಲಿಂದ ಗಾಡಿ ತನ್ನಿ.

ಮೈಲೇಜ್ ಲೆಕ್ಕದಲ್ಲಿ ಒಂದು ಪಾಲು ಇಂಧನದ್ದೂ ಇದೆ. ನಮ್ಮ ಸುತ್ತಲಿನ ಸಕ್ಕರೆ ಕಾರ್ಖಾನೆಗಳಲ್ಲೂ ತಯಾರಾಗುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಇರುತ್ತದೆ. ಲೀಟರಿಗೆ ಅದರ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆ ಲೆಕ್ಕಕ್ಕೆ 18 ಇದ್ದದ್ದು 17ರ ಹತ್ತಿರ ಬರಬಹುದು. ಇದನ್ನು ಯಾವ ಕ್ಲೀನರೂ ಮರಳಿಸದು. ಹಳೆ ಟ್ಯಾಂಕಿನ ಕೊಳೆಯನ್ನು ಎಥೆನಾಲ್ ತಾನೇ ಸಡಿಲಿಸಿ ಫಿಲ್ಟರಿಗೆ ತರುತ್ತದೆ, ನಿಮ್ಮ ಗಾಡಿಯ ಪೆಟ್ರೋಲ್ ಪೈಪಿನ ರಬ್ಬರು ಬಿರುಕು ಬಿಟ್ಟಿದೆಯೇ ಎಂದೂ ನೋಡಿಸಿ. ಆದರೆ 17ರಿಂದ 14ಕ್ಕೆ ಇಳಿದದ್ದು ಗಾಡಿಯ ದೋಷವೇ. ಟೈರ್ ಗಾಳಿ, ಬ್ರೇಕ್ ಹಿಡಿದುಕೊಂಡಿರುವುದೂ ಇದರಲ್ಲಿ ಸೇರಬಹುದು: ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಹತ್ತಿರ ಮಾತ್ರ ಜಳ ಹೊಡೆದರೆ ಆ ಚಕ್ರದ ಬ್ರೇಕ್ ಕ್ಯಾಲಿಪರ್ ಬಿಚ್ಚಿಸಿ.

ಪ್ರತಿ ಕೆಲಸದ ನಂತರ ಮೈಲೇಜ್ ಅಳೆಯಿರಿ, ಎಲ್ಲ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗದು. ಒಂದೇ ಬಂಕ್, ಸಾಧ್ಯವಾದರೆ ಅದೇ ಪಂಪಿನಲ್ಲಿ ಮೊದಲ ಕಟ್‌ಆಫ್‌ವರೆಗೆ (ನಳಿಕೆ ತಾನೇ ನಿಲ್ಲುವವರೆಗೆ) ತುಂಬಿಸಿ, ಕನಿಷ್ಠ 300 ಕಿ.ಮೀ. ಓಡಿಸಿ, ಮತ್ತೆ ಅಲ್ಲೇ ಕಟ್‌ಆಫ್‌ವರೆಗೆ ತುಂಬಿಸಿ, ಓಡಿದ ಕಿ.ಮೀ.ಯನ್ನು ಈ ಸಲ ತುಂಬಿದ ಲೀಟರಿನಿಂದ ಭಾಗಿಸಿ. ಬಾಟಲಿ ಹಾಕಿ ಒಂದು ಟ್ಯಾಂಕ್ ಓಡಿದ ಮೇಲೂ ಟ್ರಿಮ್ ಇಳಿಯದೆ, ಫಿಲ್ಟರ್ ಮತ್ತು ಪಂಪಿನ ಒತ್ತಡ ಸರಿಯಿದ್ದರೆ ಎರಡನೇ ಬಾಟಲಿ ಕೊಳ್ಳಬೇಡಿ. ನಾಲ್ಕೂ ಇಂಜೆಕ್ಟರ್ ಬಿಚ್ಚಿಸಿ ಅಲ್ಟ್ರಾಸಾನಿಕ್ ತೊಳೆಸಿ, ಪ್ರತಿಯೊಂದರ ಹರಿವು ಗಾಜಿನ ಕೊಳವೆಯಲ್ಲಿ ಸಮ ಬರುವುದನ್ನು ಕಣ್ಣಾರೆ ನೋಡಿ, ಮರಳಿ ಕೂರಿಸುವಾಗ ಓ-ರಿಂಗ್ ಹೊಸವನ್ನೇ ಹಾಕಿಸಿ.