ಯಾವ ವಯಸ್ಸಿಗೆ ಯಾವ ಬಟ್ಟೆ ಡೈಪರ್? ಓದುಗರ ಪ್ರಶ್ನೆಗಳಿಗೆ ಉತ್ತರ

ಬಟ್ಟೆ ಡೈಪರ್ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಯಾವ ಕಂಪನಿಯದು ಒಳ್ಳೆಯದು’ ಎಂದೇ ಕೇಳುತ್ತವೆ. ಮೊದಲು ಎರಡು ವಿಷಯ ನೋಡಿಕೊಳ್ಳಿ. ನಿಮ್ಮ ಮಗು ಒಂದು ಸಲಕ್ಕೆ ಎಷ್ಟು ಉಚ್ಚೆ ಹೊಯ್ಯುತ್ತದೆ? ಒಗೆದ ಬಟ್ಟೆ ನಿಮ್ಮ ಮನೆಯಲ್ಲಿ ಎಷ್ಟು ಹೊತ್ತಿಗೆ ಒಣಗುತ್ತದೆ? ಇವೆರಡು ಗೊತ್ತಾದರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ನನಗೀಗ ಎಂಟು ತಿಂಗಳು. ಹುಟ್ಟಿದಾಗಿನಿಂದ ಮೂರು ವರ್ಷದವರೆಗೂ ಆಗುವ ‘ಫ್ರೀ ಸೈಜ್’ ಡೈಪರ್ 20 ಒಟ್ಟಿಗೆ ಕೊಂಡರೆ ರಿಯಾಯಿತಿ ಕೊಡುತ್ತಾರಂತೆ. ತೆಗೆದುಕೊಳ್ಳಲೇ?
— ದಾವಣಗೆರೆ

ಈಗಲೇ ಬೇಡ. ಫ್ರೀ ಸೈಜ್ ಡೈಪರಿನ ಮುಂದಿನ ಗುಂಡಿಗಳನ್ನು ಎಷ್ಟೇ ಬಿಗಿಯಾಗಿ ಹಾಕಿದರೂ ಉದ್ದ ಕಡಿಮೆಯಾಗುತ್ತದೆಯೇ ಹೊರತು ತೊಡೆಯ ಎಲಾಸ್ಟಿಕ್ ಅಷ್ಟಾಗಿ ಚಿಕ್ಕದಾಗದು. ಎರಡೂವರೆ ಮೂರು ಕೆ.ಜಿ. ಕೂಸಿನ ಸಣ್ಣ ತೊಡೆಯ ಪಕ್ಕ ಸಂದಿ ಉಳಿದು ಅಲ್ಲಿಂದಲೇ ಸೋರುತ್ತದೆ. ಮಗು ಐದು ಕೆ.ಜಿ. ಹತ್ತಿರ ಬಂದಾಗ ಅದು ಸರಿಯಾಗಿ ಕೂರುತ್ತದೆ. ಆಗಲೂ ಬೇರೆ ಬೇರೆ ಬಗೆಯ ಎರಡು ಮೂರು ತಂದು ಒಂದು ವಾರ ಹಾಕಿ ನೋಡಿ, ಆಮೇಲೆ ಉಳಿದವನ್ನು ಕೊಳ್ಳಿ.

ಮೊದಲ ಎರಡು ತಿಂಗಳಿಗೆ ನಮ್ಮ ಹಳೆಯ ಪಂಚೆ ಬಟ್ಟೆಗಿಂತ ಒಳ್ಳೆಯದು ಸಿಗದು. 2 ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲದ ಒಂಟಿ ಪಂಚೆಯಲ್ಲಿ ಸುಮಾರು 62 ಸೆಂ.ಮೀ. ಚೌಕದ ಆರು ತುಂಡು ಬರುತ್ತವೆ. ಜರಿ ಅಂಚು ಕತ್ತರಿಸಿ ತೆಗೆಯಿರಿ. ನಾಲ್ಕೂ ಕಡೆ ಅಂಚು ಮಡಿಸಿ ಹೊಲಿಸಲೇಬೇಕು. ಬಿಚ್ಚಿದ ನೂಲೆಳೆ ಕೂಸಿನ ಕಾಲ್ಬೆರಳಿಗೋ ಶಿಶ್ನಕ್ಕೋ ಸುತ್ತಿಕೊಂಡು ರಕ್ತಸಂಚಾರ ನಿಲ್ಲಿಸುವ ಅಪಾಯವಿದೆ. ಹೊಸ ಪಂಚೆಯಾದರೆ ಗಂಜಿ ಹೋಗುವಂತೆ ಬಿಸಿನೀರಲ್ಲಿ ಮೂರು ನಾಲ್ಕು ಸಲ ಒಗೆಯಿರಿ, ಇಲ್ಲವಾದರೆ ನೀರು ಹೀರದು. ದಿನಕ್ಕೆ 10–12 ಬದಲಾವಣೆ ಎಂದು ಲೆಕ್ಕ ಹಿಡಿದರೆ ಇಂಥ 24ರಿಂದ 30 ಚೌಕ, ಮೇಲೆ ಹಾಕಲು ನವಜಾತ ಶಿಶುವಿನ ಅಳತೆಯ ನಾಲ್ಕೈದು ನೀರು ನಿಲ್ಲಿಸುವ ಕವರ್ ಸಾಕು. ಕಕ್ಕ ತಾಗದಿದ್ದರೆ ಕವರನ್ನು ಒರೆಸಿ, ಗಾಳಿಗೆ ಹಾಕಿ ಮತ್ತೆ ಬಳಸಬಹುದು.

ಮಡಿಸುವುದು ಹೀಗೆ: ಚೌಕವನ್ನು ಎರಡಾಗಿ, ಮತ್ತೆ ಎರಡಾಗಿ ಮಡಿಸಿದರೆ ನಾಲ್ಕು ಪದರದ ಸಣ್ಣ ಚೌಕವಾಗುತ್ತದೆ. ನಾಲ್ಕೂ ಪದರ ಬಿಡಿಯಾಗಿರುವ ಮೂಲೆ ಮೇಲೆ ಬಲಕ್ಕೆ ಇರಲಿ. ಅಲ್ಲಿ ಎಲ್ಲಕ್ಕಿಂತ ಮೇಲಿನ ಒಂದೇ ಪದರದ ತುದಿ ಹಿಡಿದು ಎಡಕ್ಕೆ ಪೂರ್ತಿ ಎಳೆದರೆ ತ್ರಿಕೋನ ಬಿಚ್ಚಿಕೊಳ್ಳುತ್ತದೆ. ಇಡೀ ಬಟ್ಟೆಯನ್ನು ಬೋರಲು ಹಾಕಿ, ಈಗ ಮೇಲೆ ಕಾಣುವ ಚೌಕದ ಭಾಗವನ್ನು ನಡುವಿನವರೆಗೆ ಸುರುಳಿಯಂತೆ ಮಡಚುತ್ತ ಬನ್ನಿ. ಎರಡು ರೆಕ್ಕೆ ಸೊಂಟಕ್ಕೆ, ನಡುವಿನ ದಪ್ಪ ಪಟ್ಟಿ ಕಾಲುಗಳ ಮಧ್ಯೆ. ಹೊಕ್ಕುಳಬಳ್ಳಿ ಉದುರುವವರೆಗೆ ಮುಂದಿನ ಅಂಚನ್ನು ಹೊಕ್ಕುಳಿನ ಕೆಳಗೇ ತಿರುಗಿಸಿ ಕಟ್ಟಿ. ಕಾಲುಗಳನ್ನು ನೇರವಾಗಿ ಎಳೆದು ಬಿಗಿಯಬೇಡಿ, ಕಪ್ಪೆಯ ಕಾಲಿನಂತೆ ಮಡಿಸಿ ಅಗಲಿಸಿಕೊಂಡಿರುವುದೇ ಸೊಂಟದ ಕೀಲಿಗೆ ಕ್ಷೇಮ.

ಮೊದಲ ಎರಡು ಮೂರು ದಿನ ಬರುವ ಕಪ್ಪು, ಅಂಟು ಮಲದ ಕಲೆ ಬಿಡುವುದು ಕಷ್ಟ. ಅದಕ್ಕೆ ಎಸೆಯಲು ಮನಸ್ಸು ನೋಯದ ಹಳೆ ಬಟ್ಟೆ ಇಟ್ಟುಕೊಳ್ಳಿ. ಚೌಕಗಳಿಂದ ಇನ್ನೊಂದು ಲಾಭವಿದೆ. ಐದಾರು ದಿನದ ಕೂಸು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆ ಮಾಡಬೇಕು, ಅದು ಹಾಲು ಸಾಲುತ್ತಿರುವುದರ ಒಂದು ಗುರುತು. ಬಟ್ಟೆಯಲ್ಲಿ ಅದು ಕೈಗೇ ತಿಳಿಯುತ್ತದೆ. ಕಡಿಮೆಯಾದರೆ ವೈದ್ಯರಿಗೆ ತೋರಿಸಿ.

ಮಗುವಿಗೆ ಐದು ತಿಂಗಳು. ಬಿದಿರು ನೂಲಿನ ದಪ್ಪ ಪ್ಯಾಡ್‌ಗಳು ಈ ಮಳೆಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಇನ್ನೂ ಹೆಚ್ಚು ಕೊಳ್ಳಬೇಕೆ?
— ಶಿರಸಿ

ಅದೇ ಪ್ಯಾಡ್ ಇನ್ನಷ್ಟು ಕೊಂಡರೆ ಒಣಗದ ರಾಶಿ ದೊಡ್ಡದಾಗುತ್ತದೆ, ಅಷ್ಟೆ. ನಾಲ್ಕೈದು ಪದರ ಸೇರಿಸಿ ಹೊಲಿದ ಪ್ಯಾಡಿನ ಒಳಪದರಕ್ಕೆ ಗಾಳಿ ಹೋಗುವುದೇ ಇಲ್ಲ. ಮೇಲೆ ಹೇಳಿದ ಪಂಚೆ ಚೌಕವನ್ನು ನಾಲ್ಕಾಗಿ, ಆಮೇಲೆ ಮೂರು ಮಡಿಕೆಯಾಗಿ ಮಡಿಸಿ. ಸುಮಾರು 10 ಸೆಂ.ಮೀ. ಅಗಲ, 31 ಸೆಂ.ಮೀ. ಉದ್ದದ 12 ಪದರದ ಪಟ್ಟಿ ಸಿದ್ಧ. ಅದನ್ನು ಪಾಕೆಟ್ ಡೈಪರಿನೊಳಗೆ, ಅಂದರೆ ಪ್ಯಾಡ್ ಇಡಲು ಜೇಬಿರುವ ಡೈಪರಿನೊಳಗೆ, ತೂರಿಸಿ. ಒಗೆದಾಗ ಬಿಚ್ಚಿ ಹರವಿದರೆ ಒಂದೇ ಪದರ, ಫ್ಯಾನ್ ಗಾಳಿಗೇ ಒಣಗುತ್ತದೆ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪದ್ಧತಿಗೆ ಬರುವುದೇ ಮೇಲು. ಪ್ಯಾಡ್ ಒಳಗೇ ಹೊಲಿದ ‘ಆಲ್ ಇನ್ ಒನ್’ ಡೈಪರನ್ನಂತೂ ನಿಮ್ಮ ಕಡೆಯವರು ಕೊಳ್ಳಲೇಬಾರದು.

ಲೆಕ್ಕ ಸರಳ: ದಿನಕ್ಕೆ ಎಂಟು ಬೇಕು, ಒಣಗಲು ಎರಡು ದಿನ ಹಿಡಿಯುತ್ತದೆ ಎಂದರೆ ಮೈಮೇಲಿನದೂ ಸೇರಿ ಮೂರು ದಿನದ್ದು, 24 ಚೌಕ. ಯಂತ್ರವಿದ್ದರೆ ಕೊನೆಯಲ್ಲಿ ಇನ್ನೊಮ್ಮೆ ಹಿಂಡಿಸಿ. ಬಚ್ಚಲ ಒಲೆಯ ಮೇಲಿನ ಗಳುವಿನಲ್ಲಿ ಚೌಕಗಳನ್ನು ಹಾಕಬಹುದು, ಕವರ್ ಹಾಕಬೇಡಿ. ಬಟ್ಟೆಗೆ ಅಂಟಿಸಿದ ತೆಳು ಪಾಲಿಯುರೆಥೇನ್ ಪೊರೆಯೇ ಅದರಲ್ಲಿ ನೀರು ತಡೆಯುವುದು. ಅತಿ ಬಿಸಿ ತಾಗಿದರೆ ಪೊರೆ ಬಿಟ್ಟುಕೊಳ್ಳುತ್ತದೆ. ಇಸ್ತ್ರಿಯೂ ಹತ್ತಿ ಚೌಕಕ್ಕೆ ಮಾತ್ರ.

ಎಂಟು ತಿಂಗಳ ಮಗಳಿಗೆ ತೊಡೆಸಂದಿ ಕೆಂಪಾಗಿದೆ. ಮನೆಯಲ್ಲಿ ಪೌಡರ್ ಹಾಕು ಎನ್ನುತ್ತಾರೆ.
— ಮಂಡ್ಯ

ಪೌಡರ್ ಬೇಡ. ಅದರ ಧೂಳು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಎರಡು ಎರಡೂವರೆ ಗಂಟೆಗೊಮ್ಮೆ ಬದಲಿಸಿ, ಬರಿ ನೀರಲ್ಲಿ ತೊಳೆದು ಒತ್ತಿ ಒರೆಸಿ, ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಬರಿಮೈಯಲ್ಲಿ ಬಿಡಿ. ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿದರೆ ನಡುವೆ ಒಂದು ಹಳೆ ಮಲ್ಮಲ್ ತುಂಡು ಹಾಕಿ, ಜಿಡ್ಡು ಪ್ಯಾಡಿಗೆ ಹತ್ತಿದರೆ ಅದು ನೀರು ಹೀರುವುದು ನಿಲ್ಲಿಸುತ್ತದೆ. ಚರ್ಮದ ಮಡಿಕೆಯ ಒಳಗೇ ಗಾಢ ಕೆಂಪು, ಸುತ್ತ ಚಿಕ್ಕ ಕೆಂಪು ಚುಕ್ಕೆಗಳಿದ್ದರೆ ಶಿಲೀಂಧ್ರದ ಸೋಂಕಿರಬಹುದು. ಅದಕ್ಕೆ ಬೇರೆಯೇ ಮುಲಾಮು, ವೈದ್ಯರೇ ಬರೆದುಕೊಡಬೇಕು.

ಹತ್ತು ತಿಂಗಳ ಮಗ. ಹಗಲು ತೊಂದರೆಯಿಲ್ಲ. ರಾತ್ರಿ ಎರಡು ಮೈಕ್ರೋಫೈಬರ್ ಪ್ಯಾಡ್ ಹಾಕಿದರೂ ನಡುರಾತ್ರಿ ಹಾಸಿಗೆ ನೆನೆದಿರುತ್ತದೆ. ಬೆಳಗ್ಗೆ ಬಿಚ್ಚಿದರೆ ಕಣ್ಣು ಉರಿಯುವಷ್ಟು ವಾಸನೆ. ಅಂಟುವಾಳದ ನೀರಲ್ಲಿ ಒಗೆಯುತ್ತೇವೆ, ಬೋರ್‌ವೆಲ್ ನೀರು.
— ಬೆಂಗಳೂರು

ನಿಮ್ಮದು ಎರಡು ಬೇರೆ ಬೇರೆ ತೊಂದರೆ.

ಮೊದಲು ಸೋರುವಿಕೆ. ಮೈಕ್ರೋಫೈಬರ್ ಪ್ಯಾಡಿಗೆ ಅರ್ಧ ಲೋಟ ನೀರು ಸುರಿದು ಅಂಗೈಯಿಂದ ಒತ್ತಿ ನೋಡಿ. ಸ್ಪಂಜಿನಂತೆ ಬೆರಳ ಸಂದಿಯಿಂದ ನೀರು ಚಿಮ್ಮುತ್ತದೆ. ಮಲಗಿದ ಮಗುವಿನ ಭಾರಕ್ಕೂ ಅದೇ ಆಗುವುದು. ಅದಕ್ಕೆ ಬೇಗ ಹೀರುವ ಗುಣವಿದೆ, ಹಿಡಿದಿಟ್ಟುಕೊಳ್ಳುವ ಗುಣವಿಲ್ಲ. ಸೆಣಬಿನಂಥ ಹೆಂಪ್ ಮತ್ತು ಹತ್ತಿ ಬೆರೆತ ಬಟ್ಟೆ ನಿಧಾನವಾಗಿ ಹೀರಿ ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿ ಮೇಲೆ ಒಂದು ಮೈಕ್ರೋಫೈಬರ್, ಕೆಳಗೆ ಒಂದೋ ಎರಡೋ ಹೆಂಪ್-ಹತ್ತಿ ಪ್ಯಾಡ್ ಇಡಿ. ಹೊಸ ಹೆಂಪ್ ಪ್ಯಾಡನ್ನು ಐದಾರು ಸಲ ಒಗೆದ ಮೇಲೆಯೇ ರಾತ್ರಿಗೆ ನಂಬಿ. ಮೈಕ್ರೋಫೈಬರನ್ನು ನೇರ ಚರ್ಮಕ್ಕೆ ತಾಗಿಸಬೇಡಿ, ಚರ್ಮ ಒಣಗಿ ಒರಟಾಗುತ್ತದೆ. ಗಂಡುಮಗುವಿಗೆ ಪ್ಯಾಡಿನ ಮಡಿಕೆ ಮುಂದಿರಲಿ, ಹಾಕುವಾಗ ಶಿಶ್ನ ಕೆಳಮುಖವಾಗಿರಲಿ. ಮೇಲ್ಮುಖವಾಗಿದ್ದರೆ ಹೊಟ್ಟೆಯ ಅಂಚಿನಿಂದಲೇ ಹೊರಗೆ ಬರುತ್ತದೆ. ಎಲಾಸ್ಟಿಕ್ ತೊಡೆಯ ಮೇಲಲ್ಲ, ಚಡ್ಡಿಯ ಗೆರೆಯಂತೆ ತೊಡೆಸಂದಿಯ ಮಡಿಕೆಯಲ್ಲೇ ಕೂರಬೇಕು.

ಇನ್ನು ವಾಸನೆ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ. ರಾತ್ರಿಯಿಡೀ ಹಾಕಿದ್ದರಲ್ಲಿ ಸ್ವಲ್ಪ ವಾಸನೆ ಸಹಜ. ಆದರೆ ಕಣ್ಣು ಉರಿಯುವಷ್ಟಿದ್ದರೆ ಒಗೆತದಲ್ಲಿ ಕೊಳೆ ಪೂರ್ತಿ ಹೋಗುತ್ತಿಲ್ಲ. ಅಂಟುವಾಳ ರೇಷ್ಮೆಗೆ ಸರಿ, ಉಚ್ಚೆ ಬಟ್ಟೆಗೆ ಅದರ ಶಕ್ತಿ ಸಾಲದು. ಸಾಬೂನಿನ ಬಿಲ್ಲೆ ಉಜ್ಜಿದರೂ ಉಪಯೋಗವಿಲ್ಲ, ಗಡಸು ನೀರಿನ ಕ್ಯಾಲ್ಸಿಯಂ ಸೇರಿ ಬಿಳಿ ಗಸಿಯಾಗಿ ಎಳೆಗಳಿಗೆ ಅಂಟುತ್ತದೆ. ಒಣ ಪ್ಯಾಡಿನ ಮೇಲೆ ಒಂದು ಚಮಚ ನೀರು ಬಿಡಿ. ಕೆಸುವಿನೆಲೆಯ ಮೇಲಿನಂತೆ ಹನಿ ಉರುಳಿದರೆ ಜಿಡ್ಡು ಕೂತಿದೆ ಎಂದರ್ಥ.

ಒಮ್ಮೆ ಹೀಗೆ ಮಾಡಿ: 10 ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಬಟ್ಟೆ ಸೋಡ, ಒಂದು ಒಗೆತಕ್ಕೆ ಬೇಕಾಗುವಷ್ಟು ಡಿಟರ್ಜೆಂಟ್ ಪುಡಿ ಹಾಕಿ ಪ್ಯಾಡ್‌ಗಳನ್ನು ಮಾತ್ರ ನಾಲ್ಕೈದು ಗಂಟೆ ನೆನೆಸಿ, ನೊರೆ ನಿಲ್ಲುವವರೆಗೆ ಜಾಲಿಸಿ. ಕೈಗೆ ಗ್ಲೌಸ್ ಇರಲಿ. ಆಮೇಲೆ ದಿನನಿತ್ಯ: ರಾತ್ರಿಯದನ್ನು ಬೆಳಗ್ಗೆಯೇ ನಲ್ಲಿಯಡಿ ಹಿಂಡಿ, ಗಾಳಿಯಾಡುವ ಬುಟ್ಟಿಯಲ್ಲಿ ಒಣದಾಗಿಡಿ, ಬಕೆಟ್ ನೀರಲ್ಲಿ ದಿನಗಟ್ಟಲೆ ನೆನೆಸಬೇಡಿ. ಯಂತ್ರದಲ್ಲಿ ಮೊದಲು ಒಂದು ಚಿಕ್ಕ ಒಗೆತ, ಆ ನೀರು ಚೆಲ್ಲಿ ಪೂರ್ತಿ ಪುಡಿ ಹಾಕಿ ಉದ್ದ ಒಗೆತ, ಪ್ಯಾಡಿಗೆ 60 ಡಿಗ್ರಿ. ಡ್ರಮ್ ಮುಕ್ಕಾಲು ತುಂಬಿರಲಿ, ಬಟ್ಟೆಗೆ ಬಟ್ಟೆ ಉಜ್ಜಬೇಕು. ಪರಿಮಳದ ಕಂಡೀಷನರ್ ಹಾಕಲೇಬೇಡಿ, ಪ್ಯಾಡಿಗೆ ಮೇಣ ಬಳಿದಂತಾಗುತ್ತದೆ. ಅನ್ನ, ರಾಗಿ ಸರಿ ತಿನ್ನುವ ವಯಸ್ಸಾದ್ದರಿಂದ ಕಕ್ಕವನ್ನು ಮೊದಲು ಶೌಚಕ್ಕೆ ಉದುರಿಸಿಯೇ ಒಗೆಯಬೇಕು.

ಅಕ್ಕನ ಮಗಳ ಡೈಪರ್‌ಗಳನ್ನು ನನ್ನ ಮಗುವಿಗೆ ಬಳಸಬಹುದೆ? ನಾಲ್ಕು ವರ್ಷ ಹಳೆಯವು.
— ಮೈಸೂರು

ಕವರಿನ ಒಳಭಾಗಕ್ಕೆ ಅರ್ಧ ಲೋಟ ನೀರು ಸುರಿದು, ಕೆಳಗೆ ಒಣ ಬಟ್ಟೆ ಇಟ್ಟು ಒತ್ತಿ. ಬಟ್ಟೆ ಒದ್ದೆಯಾಗದಿದ್ದರೆ ಪೊರೆ ಗಟ್ಟಿಯಿದೆ, ಧಾರಾಳವಾಗಿ ಬಳಸಿ. ಎಲಾಸ್ಟಿಕ್ ಸಡಿಲವಾಗಿದ್ದರೆ ಟೈಲರ್ ಬದಲಿಸಿಕೊಡುತ್ತಾರೆ. ಪೊರೆ ಗುಳ್ಳೆ ಎದ್ದಿದ್ದರೆ ರಿಪೇರಿಯಿಲ್ಲ.

ಮಗನಿಗೆ 22 ತಿಂಗಳು. ಟ್ರೇನಿಂಗ್ ಪ್ಯಾಂಟ್ ತಂದೆ, ಹೊರಗೆ ಹೋದಾಗಲೆಲ್ಲ ಸೋರುತ್ತದೆ.
— ಹುಬ್ಬಳ್ಳಿ

ಅದು ಡೈಪರ್ ಅಲ್ಲ, ದಪ್ಪ ಚಡ್ಡಿ. ಒಂದು ಸಲದ ಉಚ್ಚೆಯನ್ನಷ್ಟೇ ತಡೆಯುತ್ತದೆ. ಮನೆಯಲ್ಲಿ ಹಗಲು ಮಾತ್ರ ಹಾಕಿ, ಪ್ರಯಾಣಕ್ಕೂ ರಾತ್ರಿಗೂ ಡೈಪರ್ ಇರಲಿ. ಆರು ಸಾಕು. ಒದ್ದೆ ತಿಳಿಯದಂತೆ ಮಾಡುವ ಒಳಪದರದ್ದು ಬೇಡ. ಒದ್ದೆಯಾದದ್ದು ಅವನಿಗೆ ಗೊತ್ತಾದರೆ ತಾನೇ ಕಲಿಯುವುದು? ಎರಡು ಗಂಟೆ ಒಣಗಿರುತ್ತಾನೆ, ಕಕ್ಕಕ್ಕೆ ಮೂಲೆ ಹುಡುಕುತ್ತಾನೆ, ಚಡ್ಡಿ ತಾನೇ ಕೆಳಗೆ ಎಳೆಯುತ್ತಾನೆ ಎಂದರೆ ಸಮಯ ಬಂದಿದೆ. ಹಿರಿಯರು ಎದ್ದ ಕೂಡಲೇ, ಉಂಡ ಮೇಲೆ ಕಾಲ ಮೇಲೆ ಕೂರಿಸಿ ‘ಶ್ಶ್’ ಎನ್ನುವ ರೂಢಿ ಬಹಳ ಒಳ್ಳೆಯದು, ಬಿಡಬೇಡಿ. ಗದರಿಸಬೇಡಿ. ಹೆದರಿದ ಮಗು ಕಕ್ಕ ಬಿಗಿಹಿಡಿದು ಮಲಬದ್ಧತೆಗೆ ಬೀಳುತ್ತದೆ.

ನಮ್ಮ ಮಗಳಿಗೆ ಏಳು ವರ್ಷ, ಸೆರೆಬ್ರಲ್ ಪಾಲ್ಸಿ. ಅಂಗಡಿಯ ಬಟ್ಟೆ ಡೈಪರ್ 17 ಕೆ.ಜಿ.ಗೇ ನಿಂತುಬಿಡುತ್ತವೆ. ಅವಳು 20 ಕೆ.ಜಿ. ಇದ್ದಾಳೆ.
— ಧಾರವಾಡ

ಹೊಲಿಸುವುದೇ ದಾರಿ, ಮತ್ತು ಅದು ಕಷ್ಟವಲ್ಲ. ನಾಲ್ಕು ಅಳತೆ ಬರೆದುಕೊಳ್ಳಿ: ಹೊಕ್ಕುಳಿನ ಕೆಳಗೆ ಸೊಂಟ, ಪೃಷ್ಠದ ಅತಿ ಅಗಲದ ಸುತ್ತಳತೆ, ತೊಡೆಯ ಬುಡ, ಹೊಕ್ಕುಳಿನ ಕೆಳಗಿನಿಂದ ಕಾಲ ನಡುವೆ ಹಾದು ಹಿಂದಿನ ಸೊಂಟದವರೆಗಿನ ಉದ್ದ. ಕೂತಾಗ ಹೊಟ್ಟೆ ಮುಂದೆ ಬರುವುದರಿಂದ ಕೂತ ಭಂಗಿಯಲ್ಲೂ ಅಳೆಯಿರಿ. ಎರಡೂ ಪಕ್ಕ ಬಿಚ್ಚುವಂತಿರಲಿ, ಮಲಗಿಸಿಯೇ ಬದಲಿಸಬಹುದು. ಗುಂಡಿಗಳು ಸೊಂಟದ ಮೂಳೆಯ ಮೇಲೆ ಬಂದರೆ ಒತ್ತಿ ಹುಣ್ಣಾಗುತ್ತದೆ, ಮುಂದಕ್ಕೆ ಹಾಕಿಸಿ. ಪೊರೆ ಬಟ್ಟೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹೊಲಿಯುವವರಿಗೆ ಮೂರು ಮಾತು ಹೇಳಿ: ಪಾಲಿಯೆಸ್ಟರ್ ದಾರವೇ ಇರಲಿ, ಹತ್ತಿ ದಾರ ಒದ್ದೆಯನ್ನು ಹೊರಗೆ ಎಳೆಯುತ್ತದೆ. ನಡುಭಾಗದಲ್ಲಿ ಹೊಲಿಗೆ ಬೇಡ. ಗುಂಡುಸೂಜಿ ಬದಲು ಕ್ಲಿಪ್ ಹಾಕಿ ಹಿಡಿಯಲಿ, ಸೂಜಿಯ ತೂತೆಲ್ಲ ಸೋರುತ್ತದೆ.

ಪ್ಯಾಡ್ ಎಷ್ಟು ಬೇಕು ಎಂಬುದನ್ನು ಅಡುಗೆಮನೆಯ ತಕ್ಕಡಿಯೇ ಹೇಳುತ್ತದೆ. ಒಣ ಪ್ಯಾಡ್ ತೂಗಿ, ಅವಳು ಒದ್ದೆ ಮಾಡಿದ ಮೇಲೆ ಚೀಲದಲ್ಲಿ ಹಾಕಿ ತೂಗಿ. ವ್ಯತ್ಯಾಸ 200 ಗ್ರಾಂ ಎಂದರೆ ಸುಮಾರು 200 ಮಿ.ಲೀ. ಈ ವಯಸ್ಸಿನ ಮೂತ್ರಕೋಶ ಕಾಲು ಲೀಟರಿನಷ್ಟು ಹಿಡಿಯಬಲ್ಲದು, ಒಮ್ಮೆಗೇ ಅಷ್ಟೂ ಬರಬಹುದು. ಆದ್ದರಿಂದ ಮೇಲೆ ಬೇಗ ಹೀರುವ ಪದರ, ಕೆಳಗೆ ಎರಡು ಹೆಂಪ್-ಹತ್ತಿ ಪ್ಯಾಡ್. ಶಾಲೆಗೆ ಮೂರು ಸಿದ್ಧ ಡೈಪರ್, ಒದ್ದೆಯದಕ್ಕೆ ಜಿಪ್ ಇರುವ ಚೀಲ ಕಳಿಸಿ. ಪ್ರತಿ ಸಲ ಬದಲಿಸುವಾಗ ಬೆನ್ನಿನ ಕೆಳಗಿನ ಮೂಳೆಯ ಮೇಲೆ ಕೆಂಪಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಲು ಆರೈಕೆ ಮಾಡುವವರಿಗೆ ತೋರಿಸಿಕೊಡಿ. ಒತ್ತಿದರೂ ಬಿಳಿಯಾಗದ ಕೆಂಪು ಕಂಡರೆ ಆ ಭಾಗದ ಮೇಲೆ ಭಾರ ಬೀಳದಂತೆ ಮಲಗಿಸಿ, ಅಂದೇ ವೈದ್ಯರಿಗೆ ತೋರಿಸಿ.