ಓದುಗರ ಪ್ರಶ್ನೆ: ಮಾಸ್ಕೋಸೊ ಅವರ ನಡುಗುವ ಬಣ್ಣಗಳು

ಪ್ರಶ್ನೆ: ಅಮೆರಿಕದ ಪೋಸ್ಟರ್ ಕಲಾವಿದ ವಿಕ್ಟರ್ ಮಾಸ್ಕೋಸೊ ಅವರ 1967ರ ಪೋಸ್ಟರ್‌ಗಳಲ್ಲಿ ಅಕ್ಷರಗಳು ನಡುಗಿದಂತೆ ಕಾಣುತ್ತವೆ. ಈ ವಿದ್ಯೆ ಅವರಿಗೆ ಎಲ್ಲಿ ಸಿಕ್ಕಿತು?

ಉತ್ತರ: ತರಗತಿಯಲ್ಲಿ! ಸೈಕೆಡೆಲಿಕ್ ಕಲೆ (ಅರವತ್ತರ ದಶಕದ, ಕಣ್ಣು ಕೋರೈಸುವ ಭ್ರಮೆಯ ಶೈಲಿ) ಎಂದರೆ ಅಮಲಿನಲ್ಲಿ ಗೀಚಿದ್ದು ಎಂಬ ಮಾತು ಇವರ ಮಟ್ಟಿಗೆ ಖಂಡಿತ ಸಲ್ಲದು. 1936ರಲ್ಲಿ ಸ್ಪೇನ್‌ನಲ್ಲಿ ಹುಟ್ಟಿ, ನ್ಯೂಯಾರ್ಕ್‌ನ ಕೂಪರ್ ಯೂನಿಯನ್ ಕಾಲೇಜಿನಲ್ಲಿ, ಆಮೇಲೆ ಯೇಲ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಾರ, ಬಣ್ಣದ ಗುರು ಜೋಸೆಫ್ ಆಲ್ಬರ್ಸ್ ಕೈಕೆಳಗೆ ಬಣ್ಣದ ಪಾಠ ಕಲಿತವರು. 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು; ಅಲ್ಲಿನ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿ, ಅಲ್ಲೇ ಪಾಠವನ್ನೂ ಮಾಡಿದರು. ಅಕ್ಷರ ಥಟ್ಟನೆ ಓದಿಸಿಕೊಳ್ಳಬೇಕು, ಬಣ್ಣಗಳು ಕಣ್ಣಿಗೆ ಚುಚ್ಚಬಾರದು ಎಂಬ ನಿಯಮಗಳನ್ನು ಬೇಕೆಂದೇ ಮಗುಚಿ ಹಾಕಿದ್ದು ಅಲ್ಲಿನ ಮ್ಯಾಟ್ರಿಕ್ಸ್ ಎಂಬ ಸಂಗೀತ ಕ್ಲಬ್ಬಿಗೆ ಮಾಡಿದ ನಿಯಾನ್ ರೋಸ್ ಪೋಸ್ಟರ್ ಸರಣಿಯಲ್ಲಿ. ಮುಂದೆ ಝ್ಯಾಪ್ ಕಾಮಿಕ್ಸ್ ಎಂಬ ಚಿತ್ರಕಥಾ ಪತ್ರಿಕೆಗೂ ಚಿತ್ರ ಬರೆದರು. ಜಾಝ್ ಸಂಗೀತಗಾರ ಹರ್ಬಿ ಹ್ಯಾನ್‌ಕಾಕ್ ಅವರ 1973ರ ‘ಹೆಡ್ ಹಂಟರ್ಸ್’ ಆಲ್ಬಮ್ಮಿನ ಮುಖಪುಟವೂ ಇವರದೇ.

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ಅಚ್ಚ ಕೆಂಪಿನ ಪಕ್ಕ ಅಚ್ಚ ಹಸಿರು ಇಟ್ಟೆ. ಚುಚ್ಚುತ್ತದೆ, ಆದರೆ ನಡುಗುವುದಿಲ್ಲ. ಮುದ್ರಿಸಿದಾಗ ಇನ್ನೂ ಸಪ್ಪೆ. ತಪ್ಪೆಲ್ಲಿ?

ಉತ್ತರ: ಬಣ್ಣಚಕ್ರದಲ್ಲಿ ಎದುರುಬದುರು ಇರುವ ಬಣ್ಣ ಆರಿಸಿದ್ದು ಸರಿಯೇ, ಆದರೆ ಅದು ಅರ್ಧ ಕೆಲಸ ಮಾತ್ರ. ಎರಡರ ಟೋನ್, ಅಂದರೆ ತಿಳಿ–ಗಾಢದ ಮಟ್ಟ, ಒಂದೇ ಇರಬೇಕು. ಆಗ ಗಡಿರೇಖೆ ಎಲ್ಲಿದೆಯೆಂದು ಕಣ್ಣಿಗೆ ಗಟ್ಟಿಯಾಗಿ ಸಿಗದೆ ಅಂಚು ಅಲುಗುತ್ತದೆ. ಪರದೆಯ ಮೇಲಿನ ಅಚ್ಚ ಹಸಿರು ಅಚ್ಚ ಕೆಂಪಿಗಿಂತ ಮೂರು ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತದೆ. ಆರ್‌ಜಿಬಿ ಅಂಕಿಗಳಲ್ಲಿ (ಕೆಂಪು, ಹಸಿರು, ನೀಲಿ ಬೆಳಕಿನ ಅಳತೆ, 0ಯಿಂದ 255) ಕೆಂಪು 255, 0, 0 ಇದ್ದರೆ ಹಸಿರನ್ನು 0, 148, 0ರ ಸುತ್ತ ಇಳಿಸಿ. ನೀಲಿಯ ಕಥೆ ತಿರುಗುಮುರುಗು, ಅದು ಕೆಂಪಿಗಿಂತ ಗಾಢ; 0, 122, 255ರ ತನಕ ಏರಿಸಬೇಕು.

ಪರೀಕ್ಷೆಗೆ ಚಿತ್ರವನ್ನು ಗ್ರೇಸ್ಕೇಲ್‌ಗೆ, ಅಂದರೆ ಕಪ್ಪು–ಬಿಳುಪಿಗೆ, ಬದಲಿಸಿ: ಅಕ್ಷರ ಹಿನ್ನೆಲೆಯಲ್ಲಿ ಕರಗಿಹೋದರೆ ಗೆದ್ದಿರಿ. ಬಣ್ಣ ಕಳೆಯುವ ‘ಡಿಸ್ಯಾಚುರೇಟ್’ ಆಯ್ಕೆ ಒತ್ತಬೇಡಿ. ಅದು ಅಚ್ಚ ಕೆಂಪು, ಹಸಿರು, ನೀಲಿ ಮೂರನ್ನೂ ಒಂದೇ ಬೂದಿ ಮಾಡಿ ಸುಳ್ಳು ಹೇಳುತ್ತದೆ.

ಮುದ್ರಣ ಸಪ್ಪೆಯಾಗಲು ಕಾರಣ ನಾಲ್ಕು ಬಣ್ಣದ ಚುಕ್ಕಿಗಳು. ಹಸಿರು ಹಳದಿ–ನೀಲಿ ಚುಕ್ಕಿಗಳಾಗಿ ಒಡೆದು ಅಂಚು ಮಸುಕಾಗುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಶಾಯಿ ಕಲಸಿ, ಸ್ಕ್ರೀನ್‌ ಪ್ರಿಂಟ್‌ನಲ್ಲಿ (ಜಾಲರಿಯ ಮೂಲಕ ಶಾಯಿ ಒತ್ತುವ ವಿಧಾನ) ಚುಕ್ಕಿಯಿಲ್ಲದ ತುಂಬು ಬಣ್ಣವಾಗಿ ಎಳೆಯಿರಿ. ಎರಡು ಬಣ್ಣಗಳ ಜೋಡಣೆ ಚೂರು ತಪ್ಪಿದರೂ ಕೆಲಸ ಕೆಟ್ಟಿತು: ಸಂದು ಬಿಟ್ಟರೆ ಬಿಳಿ ಗೆರೆ, ಒಂದರ ಮೇಲೊಂದು ಹತ್ತಿದರೆ ಕಪ್ಪು ಗೆರೆ. ಎರಡೂ ಕಣ್ಣಿಗೆ ಆಧಾರ ಕೊಟ್ಟು ನಡುಕ ನಿಲ್ಲಿಸುತ್ತವೆ.

ಅಕ್ಷರಕ್ಕೂ ಒಂದು ಮಾತು. ಮೊದಲು ಅಕ್ಷರ ಬರೆಯಬೇಡಿ, ನಡುವಿನ ಖಾಲಿ ಜಾಗ ಬರೆಯಿರಿ. ಆ ಸಂದು ಸಣ್ಣದಾದಷ್ಟೂ ಎರಡು ಬಣ್ಣಗಳ ಗಡಿ ಉದ್ದವಾಗುತ್ತದೆ, ನಡುಕವೆಲ್ಲ ಇರುವುದು ಆ ಗಡಿಯಲ್ಲೇ.

ಪ್ರಶ್ನೆ: ಬಣ್ಣದ ದೀಪದಡಿ ಅವರ ಕೆಲವು ಪೋಸ್ಟರ್‌ಗಳು ಚಲಿಸುತ್ತವಂತೆ, ಹೇಗೆ?

ಉತ್ತರ: ಬಿಳಿ ಕಾಗದದಲ್ಲಿ ಒಂದು ಭಂಗಿ ಕೆಂಪಿನಲ್ಲಿ, ಇನ್ನೊಂದು ನೀಲಿಯಲ್ಲಿ. ಕೆಂಪು ದೀಪದಲ್ಲಿ ಕೆಂಪು ಗೆರೆ ಕಾಗದದೊಳಗೆ ಮಾಯ, ನೀಲಿ ಕಪ್ಪಾಗಿ ಎದ್ದು ಕಾಣುತ್ತದೆ. ನೀಲಿ ದೀಪದಲ್ಲಿ ಇದರ ಉಲ್ಟಾ. ಎರಡೂ ದೀಪ ಸರದಿಯಲ್ಲಿ ಹತ್ತಿದರೆ ಒಂದು ಭಂಗಿ ಹೋಗಿ ಇನ್ನೊಂದು ಬಂದು ಚಿತ್ರ ಚಲಿಸಿದಂತೆ ಕಾಣುತ್ತದೆ. ಕೋಣೆ ಪೂರ್ತಿ ಕತ್ತಲಾಗಿರಲಿ. ಬಿಳಿ ಬಲ್ಬಿಗೆ ಬಣ್ಣದ ಕಾಗದ ಸುತ್ತಿದರೆ ಬೇರೆ ಬೆಳಕೂ ಸೋರಿ, ಮಾಯವಾಗಬೇಕಾದ ಗೆರೆ ಮಂಕಾಗಿ ಉಳಿದುಬಿಡುತ್ತದೆ. ಬಣ್ಣದ ಎಲ್‌ಇಡಿ ಬಳಸಿ.